ಋಣ ತೀರಿಸಲು ಹೋದವನು

“ನೀವು... ಮಾತು ಮರಳಿ ಕಲಿಸೋ ವೆಬ್‌ಸೈಟ್ ಬರೆಯೋರಲ್ವಾ?”

ಆಸ್ಪತ್ರೆಯ ಮಾತಿನ ಚಿಕಿತ್ಸೆಯ ಕೋಣೆಯ ಹೊರಗೆ ಅಮ್ಮನೊಂದಿಗೆ ಕುಳಿತಿದ್ದ ಅವಳು ತಲೆಯೆತ್ತಿದಳು. ಎದುರಿಗೆ ಒಬ್ಬ ಅಪರಿಚಿತ. ಅಂಗಿಯ ತೋಳಿಗೆಲ್ಲ ಮರದ ಹೊಟ್ಟು. ಗಾಲಿಕುರ್ಚಿಯಲ್ಲಿ ಅವನ ಅಪ್ಪ.

“ಅದರಲ್ಲಿ ಹಾಕಿದ್ರಲ್ಲ, ನಿಮ್ಮ ಅಮ್ಮನ ಫೋಟೊ, ಅದರಿಂದ ಗುರುತು ಸಿಕ್ತು! ನಾನು ಬಡಗಿ. ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಮಾತೇ ನಿಂತಿತ್ತು. ನೀವು ಬರೆದ ಹಾಗೇ ಕನ್ನಡಿ ಮುಂದೆ ಕೂರಿಸಿ ಹೇಳಿಕೊಟ್ಟೆ. ಮೊನ್ನೆ ‘ನೀರು’ ಅಂದ್ರು!”

ಬೇರೆ ದಿನವಾಗಿದ್ದರೆ ಅವಳ ಕಣ್ಣು ತುಂಬಿ ಬರುತ್ತಿತ್ತು. ಆದರೆ ಅಂದು ಬೆಳಿಗ್ಗೆಯಷ್ಟೇ ಜಾಹೀರಾತು ಕಂಪನಿಯ ಸಂದೇಶ ಬಂದಿತ್ತು. ಅಸಹಜ ಕ್ಲಿಕ್‌ಗಳ ಕಾರಣ ಖಾತೆ ಮುಚ್ಚಲಾಗಿದೆ!

ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ಅಮ್ಮನಿಗಾಗಿ ಗಾರ್ಮೆಂಟ್ಸ್ ಕೆಲಸ ಬಿಟ್ಟವಳು ಅವಳು. ಅಮ್ಮನ ಒಂದೊಂದೇ ಮಾತು ಮರಳಿದ ಬಗೆಯನ್ನು ಬರೆದು, ಪಕ್ಕದಲ್ಲಿ ಜಾಹೀರಾತು ಹಾಕಿ, ವರ್ಷಗಟ್ಟಲೆ ಕಾದಿದ್ದಳು. ಮೊದಲ ಸಂಪಾದನೆ ಕೈಗೆ ಬರುವ ಹೊತ್ತಿಗೆ... ಎಲ್ಲವೂ ಮುಗಿದಿತ್ತು.

“ನಿಮ್ಮ ಋಣ ಹೇಗೆ ತೀರಿಸೋದು ಹೇಳಿ? ಅದಕ್ಕೇ ದಿನಾ ಆ ಜಾಹೀರಾತನ್ನೆಲ್ಲ ಒತ್ತುತ್ತೀನಿ. ಅಂಗಡಿಗೆ ಬಂದವರ ಕೈಲೂ ಒತ್ತಿಸ್ತೀನಿ!”

ಅವಳು ತಟ್ಟನೆ ಎದ್ದು ನಿಂತಳು.

“ನೀವಾ...? ನನ್ನ ಅನ್ನಕ್ಕೆ ಕಲ್ಲು ಹಾಕಿದ್ದು ನೀವಾ!”

“ಅಯ್ಯೋ... ಒತ್ತಿದ್ರೆ ನಿಮಗೆ ದುಡ್ಡು ಬರುತ್ತಂತಲ್ಲ?”

“ಬೇಕಂತಲೇ ಒತ್ತಿದ್ರೆ ಅದು ಮೋಸ! ನಾನೇ ಒತ್ತಿಸಿದೆ ಅಂತ ಬಾಗಿಲು ಹಾಕಿದ್ದಾರೆ. ಸಮಾಧಾನ ಆಯ್ತಾ?”

ಅವನು ಅಪ್ಪನ ಕುರ್ಚಿಯನ್ನು ಮೂಲೆಗೆ ತಳ್ಳಿಕೊಂಡು ಹೋದ.

ತಪ್ಪೆಲ್ಲ ತನ್ನದೆಂದು ಅವನು ಕಂಪನಿಗೆ ಬರೆದ. ತೀರ್ಮಾನ ಬದಲಾಗಲಿಲ್ಲ. ಮರುವಾರ ಹಣ ತಂದು ಮುಂದೆ ಹಿಡಿದ.

“ನನ್ನನ್ನ ಭಿಕ್ಷುಕಿ ಅಂದುಕೊಂಡ್ರಾ?” ಅವಳು ಮುಖ ತಿರುಗಿಸಿದಳು.

ಬರವಣಿಗೆ ನಿಂತಿತು. ಅವಳು ಮನೆಯಲ್ಲೇ ಶಾಲೆಯ ಸಮವಸ್ತ್ರ ಹೊಲಿಯತೊಡಗಿದಳು. ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಅವನು ಕಂಡರೂ ಕಾಣದಂತಿದ್ದಳು. ಅವನು ಮೂಲೆಯಲ್ಲಿ ಅಪ್ಪನ ಬಾಯಿ ಒರೆಸುತ್ತಾ ತಲೆತಗ್ಗಿಸಿ ಕೂರುತ್ತಿದ್ದ.

ಒಂದು ದಿನ ಅವನೇ ಹತ್ತಿರ ಬಂದ.

“ದುಡ್ಡಿನ ಮಾತಲ್ಲ... ‘ನೀರು’ ಆದ್ಮೇಲೆ ಅಪ್ಪನಿಗೆ ಏನು ಕಲಿಸ್ಬೇಕು? ನೀವು ಬರೆಯೋದು ನಿಲ್ಲಿಸಿದ್ರಿ. ನನಗೆ ದಿಕ್ಕೇ ತೋಚ್ತಿಲ್ಲ.”

ಅವಳು ಗಾಲಿಕುರ್ಚಿಯತ್ತ ನೋಡಿದಳು. ‘ಇವನ ಮೇಲಿನ ಸಿಟ್ಟಿಗೆ ಆ ಮುದುಕರ ಬಾಯಿ ಕಟ್ಟಿಹಾಕಿದೆನಾ...?’

“ಮನೆಯವರನ್ನ ಏನಂತ ಕರೀತಿದ್ರೋ ಅದನ್ನ ಕಲಿಸಿ,” ಎಂದಳು ಮೆಲ್ಲಗೆ.

ಅಂದಿನಿಂದ ಇಬ್ಬರೂ ಪಕ್ಕಪಕ್ಕದಲ್ಲಿ ಕುಳಿತರು. ಅಪ್ಪನ ತುಟಿ ಅಲ್ಲಾಡಿದರೆ ಇಬ್ಬರ ಉಸಿರೂ ನಿಲ್ಲುತ್ತಿತ್ತು. ಅಮ್ಮ ಅವನನ್ನು ಕಂಡರೆ ನಗುತ್ತಿದ್ದಳು. ಆಸ್ಪತ್ರೆಯ ಆ ದಿನಕ್ಕಾಗಿ ತಾನು ವಾರವಿಡೀ ಕಾಯುತ್ತಿರುವುದು ಅವಳಿಗೆ ಅರಿವಾಯಿತು... ಹೆದರಿಕೆಯೂ ಆಯಿತು.

ಆಮೇಲೊಂದು ವಾರ ಅವನು ಬರಲಿಲ್ಲ. ಮರುವಾರವೂ ಇಲ್ಲ.

“ಆ ಅಜ್ಜ ತೀರಿಕೊಂಡ್ರಮ್ಮ,” ಎಂದಳು ನರ್ಸ್.

ಅವಳು ಅವನ ಅಂಗಡಿ ಹುಡುಕಿಕೊಂಡು ಹೋದಳು. ಅರೆಬರೆ ಕೆತ್ತಿದ ಬಾಗಿಲಿನ ಮುಂದೆ ಅವನು ಸುಮ್ಮನೆ ಕುಳಿತಿದ್ದ.

“ಕೊನೇಲಿ ‘ಮಗಾ’ ಅಂದ್ರು,” ಎಂದ. “ಸ್ಪಷ್ಟವಾಗಿ. ನೀವು ಹೇಳಿಕೊಡದಿದ್ರೆ ಅದನ್ನ ಕೇಳದೇ ಕಳಿಸ್ತಿದ್ದೆ...”

ಅವಳು ಪಕ್ಕದಲ್ಲಿ ಕುಳಿತು ಅವನ ಒರಟು ಕೈ ಹಿಡಿದಳು. ಇಬ್ಬರೂ ಅತ್ತರು.

“ಇನ್ನು ಆಸ್ಪತ್ರೆಗೆ ಬರೋಕೆ ನನಗೆ ಕಾರಣ ಇಲ್ಲ,” ಎಂದ ಅವನು.

“ನಾನಿಲ್ವಾ?”

ಅವನು ಬೆಚ್ಚಿ ನೋಡಿದ. “ನಿಮಗೆ ಅಷ್ಟು ನಷ್ಟ ಮಾಡಿದವನು ನಾನು...”

“ಹೌದು. ಅದನ್ನ ಮರೆತಿಲ್ಲ. ಆದ್ರೂ ನೀವು ಬರದ ದಿನ ನನಗೆ ಏನೂ ಸೇರಲ್ಲ. ಮತ್ತೆ ಬರೀತೀನಿ. ಜಾಹೀರಾತು ಇಲ್ಲದೇನೇ. ಹೊಲಿಗೆ ಹೊಟ್ಟೆ ಹೊರೆಯುತ್ತೆ. ಜೊತೆಗಿರ್ತೀರಾ?”

“ಇರ್ತೀನಿ! ಆದ್ರೆ... ನಿಮ್ಮ ಅಮ್ಮನ್ನ ಕೇಳ್ಬೇಡ್ವಾ?”

“ಕೇಳೇ ಬಂದೆ.”

“ಏನಂದ್ರು?”

“ಇನ್ನೂ ಎಷ್ಟೋ ಮಾತು ಬರಲ್ಲ ಅಮ್ಮನಿಗೆ,” ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತಾ. “ಹೂಂ ಅನ್ನೋಕೆ ಬರುತ್ತೆ.”