ಮೂರನೇ ಕಮಾನು

ನಾನು ತಲೆಕೆಳಗಾಗಿ ನೇತಾಡುತ್ತಿದ್ದೆ.

ಕಾಲೆರಡೂ ಬುಲ್ಡೋಜರನ ಕೈಯಲ್ಲಿ. ತಲೆ ಹಳೆಯ ಕಲ್ಲುಸೇತುವೆಯ ಕಟ್ಟೆಯಾಚೆ. ಕೆಳಗೆ ನದಿ... ಬೆಳಗಿನ ಬಿಸಿಲಿನಲ್ಲಿ ಬಲು ಸೊಗಸಾಗಿತ್ತು!

"ಶಾಸನ ಎಲ್ಲಿದೆ? ಹೇಳ್ತೀಯಾ, ಬಿಡ್ಲಾ?"

ಬುಲ್ಡೋಜರ್ ಎಂದರೆ ಯಂತ್ರವಲ್ಲ ಕಣ್ರೀ, ಮನುಷ್ಯ. ಹೋಟೆಲ್ ಕಟ್ಟುವ ಬಿಲ್ಡರನ ಬಂಟ. ಹೋಟೆಲಿಗೆ ನದಿಯ ಮೆಟ್ಟಿಲುಗಳು ಬೇಕಾಗಿದ್ದವು. ಅವು ದೋಣಿಯವರವು ಎಂದು ಹೇಳುವ ಶಾಸನ ಸೇತುವೆಯಡಿ ಪಾಚಿ ಹೊದ್ದು ಕೂತಿತ್ತು. ಹತ್ತು ಗಂಟೆಗೆ ಪರಂಪರೆ ಸಮಿತಿ ಬರಲಿತ್ತು. ಶಾಸನ ಕಂಡರೆ ಮೆಟ್ಟಿಲು ಉಳಿಯುತ್ತದೆ. ಒಡೆದರೆ ದೋಣಿಗಳಿಗೆ ದಡವೇ ಇಲ್ಲ!

ಪತ್ತೇದಾರನಾದ ನನ್ನನ್ನು ಕೆಲಸಕ್ಕಿಟ್ಟುಕೊಂಡಿದ್ದ ದೋಣಿಯಕ್ಕ ಆ ಜಾಗವನ್ನು ನನಗೊಬ್ಬನಿಗೇ ಹೇಳಿದ್ದಳು.

ಗುಟ್ಟು ಕಾಪಾಡುವುದು ನನ್ನ ವೃತ್ತಿಧರ್ಮ.

ಕಾಪಾಡಿದೆ. ನಾಲ್ಕು ಸೆಕೆಂಡು.

"ಮೂರನೇ ಕಮಾನು!"

ಅವನು ನನ್ನನ್ನು ರಸ್ತೆಗೆ ಎಸೆದು ಸುತ್ತಿಗೆ ಹಿಡಿದು ತನ್ನ ಮೋಟಾರ್ ಬೋಟಿನತ್ತ ಓಡಿದ. ನಾನು ಮೆಟ್ಟಿಲಿನತ್ತ ಓಡಿದೆ. ದೋಣಿಯಕ್ಕ ಹುಟ್ಟು ಒರೆಸುತ್ತಿದ್ದಳು.

"ಅಕ್ಕಾ... ಬಾಯಿಬಿಟ್ಟೆ."

"ಹೊಡೆದ್ರೇನೋ?"

"ಅಲ್ಲೀವರೆಗೂ ಬರಲಿಲ್ಲ."

"ಏನಂದೆ?"

"ಮೂರನೇ ಕಮಾನು ಅಂತ."

ಅಕ್ಕ ಕಿವಿಗೊಟ್ಟಳು. ಠಣ್... ಠಣ್... ಸದ್ದು ಆಚೆದಡದಿಂದ!

"ಊರಿನವರು ಕಮಾನನ್ನ ಆಚೆದಡದ ಗಡಿಯಾರ ಗೋಪುರದಿಂದ ಎಣಿಸ್ತಾರೆ. ದೋಣಿಯವರು ನಮ್ಮ ದಡದಿಂದ. ಹತ್ತೋ, ಬೇಗ!"

ನಾವು ಹೊರಟ ದಿಕ್ಕು ಬುಲ್ಡೋಜರನ ಕಣ್ಣಿಗೆ ಬಿತ್ತು. ಅವನ ಮೋಟಾರ್ ಬೋಟು ಗುಡುಗುತ್ತ ತಿರುಗಿತು!

"ಎಡಗಡೆ ನೋಡಿ, ಹಳೇ ಸುಂಕದ ಮನೆ. ಬಲಗಡೆ ಏಳು ಪ್ರವಾಹ ಕಂಡ ಗಡಿಯಾರ ಗೋಪುರ..."

"ಅಕ್ಕಾ! ಟೂರಿಸ್ಟುಗಳಿಲ್ಲ! ಸಾಯ್ತಿದೀವಿ!"

"ಹುಟ್ಟು ಹಾಕಿದ್ರೆ ಬಾಯಿ ತಾನಾಗಿ ಓಡುತ್ತೆ ಕಣೋ. ಮುಂದೆ ನೋಡಿ, ಹೂಳಿನ ದಿಬ್ಬ. ನೀರಿನಡಿ ಇದೆ, ಕಾಣಲ್ಲ..."

ದೋಣಿ ಸರಕ್ಕನೆ ಹೊರಳಿತು. ಮೋಟಾರ್ ಬೋಟು ಹೊರಳಲಿಲ್ಲ.

ಗರ್ರ್... ಬುಲ್ಡೋಜರ್ ಸೊಂಟದವರೆಗೆ ಕೆಸರಿನಲ್ಲಿ ಹೂತು, ಸುತ್ತಿಗೆ ಎತ್ತಿಕೊಂಡು ನಿಂತ. ಅವನ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ.

ನಮ್ಮ ಮೂರನೇ ಕಮಾನಿನಡಿ ಅಕ್ಕ ಪಾಚಿ ಕೆರೆದು, ಸೀಮೆಸುಣ್ಣ ಉಜ್ಜಿದಳು. ಅಕ್ಷರಗಳು ಒಂದೊಂದಾಗಿ ಕಣ್ಣುಬಿಟ್ಟವು. ಅಷ್ಟರಲ್ಲಿ ಸಮಿತಿಯ ದೋಣಿ ಬಂತು. ಅಧ್ಯಕ್ಷೆ ಕನ್ನಡಕ ಏರಿಸಿ ಓದಿದರು.

"ದಾಟಿಸುವವರದು ಈ ಮೆಟ್ಟಿಲು. ಕಿತ್ತವನು ಹೊಳೆಗೆ ಉತ್ತರ ಹೇಳಲಿ."

ಅಕ್ಕನ ಕಣ್ಣು ತುಂಬಿತ್ತು.

"ಮೆಟ್ಟಿಲನ್ನ ಇನ್ನು ಯಾರೂ ಮುಟ್ಟೋ ಹಾಗಿಲ್ಲ," ಎಂದು ಅಧ್ಯಕ್ಷೆ ಬರೆದುಕೊಂಡರು. ಆಮೇಲೆ ‘ಬೇರೆ ಕಮಾನಿಗೆ ಕಳಿಸಿಬಿಟ್ಟ!’ ಎಂದು ಕೆಸರಿನಲ್ಲಿ ಅರಚುತ್ತಿದ್ದವನನ್ನೂ ನನ್ನನ್ನೂ ನೋಡಿದರು. "ಆತನನ್ನ ಬೇರೆ ಕಮಾನಿಗೆ ಕಳಿಸಿದ್ದು ನೀವೇನಾ? ಎಂಥ ತಲೆ ನಿಮ್ಮದು!"

ನಾನು ಕಾಲರ್ ಸರಿಮಾಡಿಕೊಂಡೆ.

"ತಲೆ ಏನಲ್ಲಮ್ಮ," ಅಕ್ಕ ಹುಟ್ಟು ಎತ್ತಿಕೊಂಡಳು. "ಇವನು ನಿಜ ಹೇಳಿದ್ರೂ ಯಾರಿಗೂ ಉಪಯೋಗಕ್ಕೆ ಬರಲ್ಲ."

ಅಧ್ಯಕ್ಷೆ ಅದನ್ನೂ ಬರೆದುಕೊಂಡರು!