ಅಕ್ಕ ಅಲ್ಲದವಳು

ತಪ್ಪು ಲುವಾಳದ್ದೇ. ವಿಯೆಟ್ನಾಮಿನ ಕೋ ಲೋವಾದ ಹಳೆಯ ಕೋಟೆಗೋಡೆಯನ್ನು ಸೀಳಿ ತೋಡಿದ ಗುಂಡಿಯಿಂದ ಖಾಂಗ್ ಮೊದಲ ದಿನ ಮೇಲೆ ಬಂದಾಗ ಅವನ ತಲೆಯೆಲ್ಲ ಧೂಳು ಕೂತು ಬೆಳ್ಳಗಾಗಿತ್ತು. ಅವನು ದೂರದ ಹುಯೆಯಿಂದ ಬಂದ ಪುರಾತತ್ವದವನು. ಮಣ್ಣು ಹೊರಲು ಬಂದಿದ್ದ ಈ ಊರ ಹೆಂಗಸು ಲುವಾ, "ಚಿಕ್ಕಪ್ಪಾ, ಈ ಬುಟ್ಟಿ ಎಲ್ಲಿ ಸುರೀಲಿ?" ಎಂದುಬಿಟ್ಟಳು.

"ಆ ಕಡೆ ಸುರೀರಿ, ಅಕ್ಕಾ," ಎಂದು ಅವನು ತಿರುಗೇಟು ಕೊಟ್ಟ. ಕಣ್ಣಲ್ಲಿ ಮಾತ್ರ ನಗು ಇತ್ತು.

ಆ ‘ಅಕ್ಕ’ ಮೂರು ತಿಂಗಳು ಅಂಟಿಕೊಂಡಿತು. ಇವಳು ಏನೂ ಕರೆಯದೆ, ‘ಇಲ್ನೋಡಿ’ ಎಂದೇ ಕಾಲ ತಳ್ಳಿದಳು.

ವಿಯೆಟ್ನಾಮಿ ಮಾತಿನಲ್ಲಿ ಬರೀ ನಾನು ನೀನು ಎಂದು ತಪ್ಪಿಸಿಕೊಳ್ಳುವಂತಿಲ್ಲ. ವಯಸ್ಸು ನೋಡಿ ಕರೆಯಬೇಕು. ತನಗಿಂತ ದೊಡ್ಡವನು ‘ಆನ್’. ಅವನೆದುರು ಚಿಕ್ಕವಳು ‘ಎಮ್’. ಪೇಚೇನೆಂದರೆ, ಗಂಡ ಹೆಂಡತಿ ಕರೆದುಕೊಳ್ಳುವುದೂ ಹಾಗೇ.

ಅಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಲುವಾಳ ಮನೆಯಲ್ಲಿ ಮಾತಿಗೆ ಇನ್ನೊಂದು ಜೀವವಿರಲಿಲ್ಲ. ಗುಂಡಿಗೆ ಬಂದರೆ ಅವನ ಮಾತು ಕೇಳಿಸುತ್ತಿತ್ತು.

"ನೋಡಿ ಅಕ್ಕಾ, ಈ ಗೋಡೇಲಿ ಕೆಳಗಿನ ಪದರ ಊರವರು ಹಾಕ್ಕೊಂಡ ಪುಟ್ಟ ದಿಬ್ಬ. ಮೇಲಿನದೆಲ್ಲ ಒಂದೇ ಸಮ ಬಡಿದು ಕೂರಿಸಿದ ಮಣ್ಣು. ಸಾವಿರಾರು ಜನಕ್ಕೆ ಯಾರೋ ಒಬ್ಬ ಅಪ್ಪಣೆ ಕೊಟ್ಟಿರ್ಬೇಕು. ಊರು ಮುಗಿದು ರಾಜ್ಯ ಶುರುವಾಗಿದ್ದು ಇಲ್ಲೇ."

"ಅಷ್ಟು ಜನ ಒಬ್ಬರನ್ನೊಬ್ಬರು ಏನಂತ ಕರೀತಿದ್ರೋ?"

"ಅದು ಮಣ್ಣಲ್ಲಿ ಉಳಿಯಲ್ಲ," ಎಂದು ಅವನು ಅವಳನ್ನೇ ನೋಡಿದ. ಅವಳು ಅವಸರವಾಗಿ ಬುಟ್ಟಿ ಎತ್ತಿಕೊಂಡಳು.

ಕೊನೆಯ ದಿನ ಗುಂಡಿ ಮುಚ್ಚಿದರು. ಎರಡು ಗಂಟೆಯ ಬಸ್ಸಿಗೆ ಹೊರಟವನು ಅವಳ ಹತ್ತಿರ ಬಂದು ನಿಂತ. ಇನ್ನು ಅವನಿಗೆ ಇಲ್ಲಿ ಕೆಲಸವಿರಲಿಲ್ಲ. ಅವಳಿಗೆ ನಾಳೆಯಿಂದ ಮತ್ತೆ ಆ ಮೂಕ ಮನೆ.

"ಅಕ್ಕಾ, ನೀವು ಹುಟ್ಟಿದ್ದು ಯಾವ ಪ್ರಾಣಿ ವರ್ಷದಲ್ಲಿ?"

"ಕುದುರೆ."

ಹನ್ನೆರಡು ಪ್ರಾಣಿಗಳ ವರ್ಷಚಕ್ರವನ್ನು ಅವನು ಬೆರಳು ಮಡಚಿ ಎಣಿಸಿ ಬೆಪ್ಪಾದ. "ನಂದು ಡ್ರ್ಯಾಗನ್! ಎರಡು ವರ್ಷ ಚಿಕ್ಕವಳನ್ನ ಇಷ್ಟು ದಿನ ಅಕ್ಕ ಅಂದ್ನಾ? ಹೇಳಬಾರದಿತ್ತಾ?"

"ಎರಡನೇ ದಿನವೇ ಹಾಜರಿ ಪಟ್ಟೀಲಿ ನಿಮ್ಮ ವರ್ಷ ನೋಡಿದ್ದೆ."

"ಮತ್ತೆ?"

"ಹೇಳಿದ್ರೆ ನಿಮ್ಮನ್ನ ಆನ್ ಅನ್ಬೇಕಾಗ್ತಿತ್ತು." ಅವಳು ತಲೆ ತಗ್ಗಿಸಿದಳು. "ಬರೀ ದೊಡ್ಡೋರು ಅನ್ನೋ ಅರ್ಥದಲ್ಲಿ ಅನ್ನೋಕೆ ನನ್ನ ಕೈಲಿ ಆಗ್ತಿರಲಿಲ್ಲ."

ಬಸ್ಸು ಹಾರ್ನ್ ಹೊಡೆಯಿತು. ಖಾಂಗ್ ಅತ್ತ ತಿರುಗಲಿಲ್ಲ. ಹೆಗಲ ಚೀಲ ಇಳಿಸಿ ತಡವರಿಸುತ್ತ ಕೇಳಿದ:

"ಎಮ್... ಊಟ ಆಯ್ತಾ?"

ಅಮ್ಮ ಹೋದಮೇಲೆ ಅವಳನ್ನು ಹಾಗೆ ಕೇಳಿದವರಿರಲಿಲ್ಲ. ಹನ್ನೊಂದು ಗಂಟೆಗೇ ಅವಳು ಹೊಟ್ಟೆ ತುಂಬ ಉಂಡಿದ್ದಳು.

"ಇಲ್ಲ, ಆನ್," ಎಂದಳು.