ಎರಡು ಸಾವಿರ ಅಡಿಯ ದಾರಿ

ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಸ್ಕೀ ಮಾಡಲು ಹೋಗಿ ಪಕ್ಕೆಲುಬು ಮುರಿದುಕೊಂಡ ಬ್ರಾಗಿಯನ್ನು ಐಸ್‌ಲ್ಯಾಂಡಿಗೆ ಕರೆತರಬೇಕಿತ್ತು. ಆಂಬುಲೆನ್ಸ್ ವಿಮಾನ ಬೇರೆಡೆ ಸಿಕ್ಕಿಬಿದ್ದಿದ್ದರಿಂದ ಪೈಲಟ್ ಸ್ಟೈನುನ್ ಎತ್ತರಕ್ಕೇರಿದರೂ ಇಂಜಿನ್ನಿನ ಶಕ್ತಿ ಕುಂದದ ತನ್ನ ಪುಟ್ಟ ಟರ್ಬೊ ವಿಮಾನ ತೆಗೆದಳು. ಬ್ರಾಗಿಯ ಅಣ್ಣ, ಮೆಕ್ಯಾನಿಕ್ ಗೀಸ್ಲಿ ಜೊತೆಗೆ ಹೊರಟ.

ಅಲ್ಲಿ ಇವರ ವಿಮಾನಕ್ಕೆ ಬೇಕಾದ ಪೆಟ್ರೋಲ್ ಸಿಗುವುದಿಲ್ಲ. ಹಾಗಾಗಿ ಹೋಗಿಬರುವಷ್ಟನ್ನೂ ಮನೆಯಿಂದಲೇ ತುಂಬಿಕೊಂಡರು. ಲೆಕ್ಕ ಹಾಕಿದ್ದು ಮಾತ್ರ ಟರ್ಬೊದವರ ಜಂಬದಲ್ಲೇ: ಹಿಂದಿರುಗುವಾಗ ಹದಿನೆಂಟು ಸಾವಿರ ಅಡಿಗೆ ಏರುವುದು, ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿಕೊಳ್ಳುವುದು, ಪಶ್ಚಿಮದ ಗಾಳಿ ಬೆನ್ನು ತಳ್ಳುತ್ತಿದ್ದರೆ ಆರಾಮವಾಗಿ ಮನೆ ಸೇರುವುದು. ಕೆಳಗಿನ ದಾರಿಯ ಲೆಕ್ಕವನ್ನು ಇಬ್ಬರೂ ಹಾಕಲಿಲ್ಲ.

ಮರಳುವಾಗ ಒಂಬತ್ತು ಸಾವಿರ ಅಡಿ ದಾಟುತ್ತಿದ್ದಂತೆ ಬ್ರಾಗಿಯ ತುಟಿ ನೀಲಿಗಟ್ಟಿತು. ಆಮ್ಲಜನಕ ಹೆಚ್ಚಿಸಿದರೂ ಪ್ರಯೋಜನವಾಗಲಿಲ್ಲ.

"ಶ್ವಾಸಕೋಶ ತೂತಾಗಿರ್ಬೇಕು," ಎಂದಳು ಐಸ್‌ಲ್ಯಾಂಡಿನಿಂದ ರೇಡಿಯೊದಲ್ಲಿ ವೈದ್ಯೆ. "ಮೇಲೆ ಹೋದಷ್ಟೂ ಎದೆಯೊಳಗೆ ಸೋರಿದ ಗಾಳಿ ಉಬ್ಬುತ್ತೆ. ಈಗ್ಲೇ ಕೆಳಗಿಳೀರಿ."

ಬಿಟ್ಟುಬಂದ ವಿಮಾನ ನಿಲ್ದಾಣವನ್ನು ಆಗಲೇ ಮಂಜು ಮುಚ್ಚಿತ್ತು. ಮುಂದೆ ಹೋಗದೆ ವಿಧಿಯಿರಲಿಲ್ಲ.

ಇಳಿದರು. ಮೋಡದೊಳಗೆ ರೆಕ್ಕೆಗೆ ಮಂಜುಗಡ್ಡೆ ಕಟ್ಟಿತು. ವಿಮಾನ ಗಡಗಡ ನಡುಗಿತು.

ಎರಡು ಸಾವಿರ ಅಡಿಯಲ್ಲಿ ಮೋಡ ಮುಗಿದು ಗಡ್ಡೆ ಚೂರುಚೂರಾಗಿ ಕಳಚಿತು. ಕೆಳಗೆ ಬೂದುಬಣ್ಣದ ಸಮುದ್ರ, ಅಲ್ಲಲ್ಲಿ ತೇಲುವ ಮಂಜುಗಡ್ಡೆ, ಅದರಾಚೆ ಮತ್ತೂ ಸಮುದ್ರ. ಇಲ್ಲಿ ಗಾಳಿ ಎದುರಿಗೆ ಬೀಸುತ್ತಿತ್ತು. ಟರ್ಬೊದ ಆಟವೆಲ್ಲ ಮೇಲಿನ ತೆಳು ಗಾಳಿಯಲ್ಲಿ. ಈ ದಟ್ಟ ಗಾಳಿಯಲ್ಲಿ ಅಷ್ಟೇ ಪೆಟ್ರೋಲ್ ಕುಡಿದರೂ ವಿಮಾನ ತೆವಳುತ್ತಿತ್ತು. ಹೀಗೇ ಹೋದರೆ ಕರಾವಳಿ ಕಾಣುವ ಮೊದಲೇ ಟ್ಯಾಂಕು ಖಾಲಿ.

ಸ್ಟೈನುನ್ ಇಂಜಿನ್ನಿನ ಶಕ್ತಿ ಇಳಿಸಿದಳು. ಇಂಜಿನ್ನಿನಲ್ಲಿ ಗಾಳಿಯೊಡನೆ ಬೆರೆಯುವ ಪೆಟ್ರೋಲನ್ನೂ ಕಡಿಮೆ ಮಾಡತೊಡಗಿದಳು.

ಗೀಸ್ಲಿ ಅವಳ ಮಣಿಕಟ್ಟು ಹಿಡಿದ. "ನನ್ನ ತಮ್ಮ ಉಸಿರಿಗೆ ಒದ್ದಾಡ್ತಿದ್ದಾನೆ, ನೀನು ನಿಧಾನ ಮಾಡ್ತೀಯಾ?"

"ಜೋರಾಗಿ ಹೋದ್ರೆ ಬೇಗ ಮುಟ್ಟಲ್ಲ ಮಾರಾಯ. ಬೇಗ ಮುಳುಗ್ತೀವಿ."

"ಅವನು ಅಷ್ಟು ಹೊತ್ತು ತಡೀತಾನೇನೇ?"

ಆಕೆಗೆ ಗೊತ್ತಿರಲಿಲ್ಲ. ಅದೇ ಅವಳನ್ನು ಕೊಲ್ಲುತ್ತಿತ್ತು.

ಹಿಂದಿನಿಂದ ಬ್ರಾಗಿ ಏದುಸಿರಲ್ಲಿ ಹೇಳಿದ: "ಅಣ್ಣಾ... ಕೈ ಬಿಡೋ. ನಿಮ್ ಜಗಳ ಕೇಳೇ... ಸಾಯ್ತೀನಿ."

ಗೀಸ್ಲಿ ಕೈ ಬಿಟ್ಟ. ಕಣ್ಣೊರೆಸಿಕೊಂಡು ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟ. "ಇನ್ನೂ ಸ್ವಲ್ಪ ಕಮ್ಮಿ ಮಾಡು. ಇನ್ನೂ. ಹಾಂ, ಇಂಜಿನ್ ಮುಗ್ಗರಿಸ್ತು. ಕೂದಲೆಳೆಯಷ್ಟು ಜಾಸ್ತಿ ಮಾಡು."

ಎಡ ಟ್ಯಾಂಕಿನ ಕೊನೆಯ ಹನಿಯನ್ನೂ ಬಿಡಲಿಲ್ಲ. ಇಂಜಿನ್ ನಿಂತಿತು. ವಿಮಾನ ಕುಸಿಯುತ್ತಿದ್ದಂತೆ ಅಲೆಗಳು ಮೇಲೆದ್ದು ಬಂದವು. ಸ್ಟೈನುನ್ ಬಲ ಟ್ಯಾಂಕಿಗೆ ತಿರುಗಿಸಿದಳು. ಇಂಜಿನ್ ಕೆಮ್ಮಿ, ಮತ್ತೆ ಹಿಡಿಯಿತು.

ಕಡೆಗೂ ಕಪ್ಪು ಬೆಟ್ಟಗಳು ಕಂಡವು. ಪೆಟ್ರೋಲ್ ಮಾಪಕದ ಮುಳ್ಳು ಸೊನ್ನೆಗೆ ಅಂಟಿಕೊಂಡಿದ್ದಾಗ ಚಕ್ರ ನೆಲ ಮುಟ್ಟಿತು. ವೈದ್ಯೆ ಓಡಿಬಂದು ವಿಮಾನದೊಳಗೇ ಬ್ರಾಗಿಯ ಎದೆಗೆ ಸೂಜಿ ಇಳಿಸಿದಳು. ಬುಸ್ಸೆಂದು ಗಾಳಿ ಹೊರಬಂತು. ಬ್ರಾಗಿ ಎದೆ ತುಂಬ ಉಸಿರೆಳೆದ.

ಸ್ಟೈನುನ್ ಸೀಟಿನಲ್ಲೇ ಹಿಂದಕ್ಕೆ ತಿರುಗಿ ಅವನನ್ನೇ ನೋಡಿದಳು.

"ಇನ್ನೊಂದ್ಸಲ ಎಳಿಯೋ," ಎಂದ ಗೀಸ್ಲಿ.

ಬ್ರಾಗಿ ಎಳೆದ.